ಕಡಲಂಚಿನ ಗಲ್ಲಿಯಲ್ಲಿ ಟೇಪು ಹಿಡಿದವರು: ಏರುವ ಸಮುದ್ರವನ್ನು ನಗರ ವಿನ್ಯಾಸದ ವಿದ್ಯಾರ್ಥಿಗಳು ಓದುವ ಬಗೆ

ಕಡಲಿಗೆ ಹತ್ತಿರದ ಒಂದು ಗಲ್ಲಿ ಅಂದುಕೊಳ್ಳಿ. ಹಳೆಯ ಮನೆಯ ಗೋಡೆ. ಮೊಣಕಾಲಿನ ಎತ್ತರದವರೆಗೆ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿದೆ. ಅದರ ಮೇಲೆ ಬಿಳಿ ಪುಡಿ, ಬೆರಳಿನಿಂದ ಸವರಿದರೆ ಉದುರುತ್ತದೆ. ಒಬ್ಬ ವಿದ್ಯಾರ್ಥಿನಿ ಕುಕ್ಕರಗಾಲಲ್ಲಿ ಕೂತು ಟೇಪಿನ ಒಂದು ತುದಿಯನ್ನು ನೆಲಕ್ಕೆ ಒತ್ತಿ ಅಳತೆ ಓದುತ್ತಾಳೆ. ಜೊತೆಗಿದ್ದವನು ಬರೆದುಕೊಳ್ಳುತ್ತಾನೆ. ಬಾಗಿಲಲ್ಲಿ ನಿಂತ ಮನೆಯವರು ಕೇಳುತ್ತಾರೆ: "ರಸ್ತೆ ಅಗಲ ಮಾಡ್ತಾರಾ?"

ರಸ್ತೆಗೂ ಅವರಿಗೂ ಸಂಬಂಧವಿಲ್ಲ. ಅವರು ಆ ಗೋಡೆಯ ಮೇಲಿರುವ ಎರಡು ಗೆರೆಗಳನ್ನು ಅಳೆಯುತ್ತಿದ್ದಾರೆ. ಕೆಳಗಿನದು ಕೆಸರಿನ ಗೆರೆ. ಕಳೆದ ಸಲ ನೀರು ನುಗ್ಗಿದಾಗ ಎಲ್ಲಿಯವರೆಗೆ ನಿಂತಿತ್ತು ಅನ್ನುವುದನ್ನು ಅದು ಹೇಳುತ್ತದೆ. ಮೇಲಿನದು ಉಪ್ಪಿನ ಗೆರೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಗೋಡೆ ಉಪ್ಪುನೀರನ್ನು ಹೀರಿಕೊಂಡಿದೆ. ನೀರು ಆರಿದೆ, ಉಪ್ಪು ಉಳಿದಿದೆ. ಮೊದಲನೆಯದು ಒಂದು ದಿನದ ಕಥೆ, ಎರಡನೆಯದು ವರ್ಷಗಟ್ಟಲೆಯದು.

ಇಂಥ ಅಳತೆಗೆ ಈಗ ಇಷ್ಟು ಮಹತ್ವ ಬರಲು ಕಾರಣವಿದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2019ರ ವರದಿಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಸಮುದ್ರ ಮಟ್ಟಕ್ಕಿಂತ 10 ಮೀಟರ್‌ಗೂ ಕಡಿಮೆ ಎತ್ತರದ ಕರಾವಳಿ ನೆಲದಲ್ಲಿ ಸುಮಾರು 68 ಕೋಟಿ ಜನರಿದ್ದಾರೆ. 2050ರ ಹೊತ್ತಿಗೆ ಈ ಸಂಖ್ಯೆ 100 ಕೋಟಿ ದಾಟಬಹುದು. ಇಷ್ಟು ಜನರ ಮನೆ, ರಸ್ತೆ, ಚರಂಡಿ, ಶಾಲೆ, ಬಂದರು ಎಲ್ಲವನ್ನೂ ಮತ್ತೊಮ್ಮೆ ಯೋಚಿಸಬೇಕಾಗಿದೆ. ಆ ಯೋಚನೆ ಶುರುವಾಗುವ ಜಾಗಗಳಲ್ಲಿ ನಗರ ವಿನ್ಯಾಸದ ತರಗತಿಯೂ ಒಂದು.

ನಗರ ವಿನ್ಯಾಸ ಅಂದರೇನು?

ವಾಸ್ತುಶಿಲ್ಪಿ ಒಂದು ಕಟ್ಟಡವನ್ನು ವಿನ್ಯಾಸ ಮಾಡುತ್ತಾರೆ. ನಗರ ಯೋಜಕರು ಇಡೀ ಊರಿನ ನಕ್ಷೆ ಮುಂದಿಟ್ಟುಕೊಂಡು ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಹೆದ್ದಾರಿ ಎಂದು ನಿರ್ಧರಿಸುತ್ತಾರೆ. ಇವೆರಡರ ನಡುವೆ ಒಂದು ಜಾಗ ಉಳಿಯುತ್ತದೆ. ಮನೆಯ ಬಾಗಿಲು ದಾಟಿದ ಮೇಲೆ ಸಿಗುವ ಗಲ್ಲಿ, ಚೌಕ, ಮೆಟ್ಟಿಲು, ದೋಣಿ ಎಳೆದು ನಿಲ್ಲಿಸುವ ಮರಳು, ಮಕ್ಕಳು ಆಡುವ ಬಯಲು, ಮಳೆನೀರು ಹರಿಯುವ ತೋಡು. ಅದು ಯಾರೊಬ್ಬರ ಸ್ವಂತದ್ದೂ ಅಲ್ಲ, ಎಲ್ಲರೂ ಬಳಸುತ್ತಾರೆ. ಆ ಜಾಗದ ಆಕಾರ, ಎತ್ತರ, ಅಗಲ, ಅಲ್ಲಿನ ನೆರಳು, ನೀರಿನ ಹರಿವು ಇವನ್ನೆಲ್ಲ ಕೂಡಿಸಿ ಯೋಚಿಸುವುದೇ ನಗರ ವಿನ್ಯಾಸ.

ಕಡಲು ಊರೊಳಗೆ ಬರುವುದೂ ಇದೇ ಜಾಗಗಳ ಮೂಲಕ. ಮೊದಲು ಚರಂಡಿ, ಆಮೇಲೆ ರಸ್ತೆ, ಕೊನೆಗೆ ಹೊಸ್ತಿಲು. ಹಾಗಾಗಿ ಹವಾಮಾನದ ವಿಷಯ ಈ ಓದಿಗೆ ಹೊರಗಿನದೇನೂ ಅಲ್ಲ.

ಇಲ್ಲಿ ಪಾಠ ನಡೆಯುವ ರೀತಿಯೂ ಬೇರೆ. ಇದನ್ನು ಸ್ಟುಡಿಯೋ ಅನ್ನುತ್ತಾರೆ. ಒಂದು ಸೆಮಿಸ್ಟರ್‌ಗೆ ಒಂದು ನಿಜವಾದ ಜಾಗವನ್ನು ಆರಿಸಿಕೊಂಡು, ಅಲ್ಲಿಗೆ ಹೋಗಿ, ಅಳೆದು, ಜನರನ್ನು ಮಾತಾಡಿಸಿ, ನಕ್ಷೆ ಮತ್ತು ಮಾದರಿಗಳನ್ನು ಮಾಡುತ್ತಾರೆ. ಕೊನೆಗೆ ಜ್ಯೂರಿ. ಅಂದರೆ ಅಧ್ಯಾಪಕರು ಮತ್ತು ಹೊರಗಿನ ತಜ್ಞರ ಮುಂದೆ ಗೋಡೆಗೆ ನಕ್ಷೆ ಅಂಟಿಸಿ, ಪ್ರಶ್ನೆಗಳಿಗೆ ಉತ್ತರ ಕೊಡುವುದು.

ಕಡಲು ಏಕೆ ಏರುತ್ತಿದೆ?

ಕಲ್ಲಿದ್ದಲು, ಪೆಟ್ರೋಲ್, ಅನಿಲ ಉರಿಸಿದಾಗ ಬರುವ ಇಂಗಾಲದ ಡೈಆಕ್ಸೈಡ್ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಬಿಸಿಯನ್ನು ಹಿಡಿದಿಡುತ್ತದೆ. ಹಾಗೆ ಸಿಕ್ಕಿಕೊಂಡ ಹೆಚ್ಚುವರಿ ಬಿಸಿಯಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚು ಸೇರುವುದು ಸಮುದ್ರಕ್ಕೆ. ನೀರು ಬಿಸಿಯಾದರೆ ಹಿಗ್ಗುತ್ತದೆ. ಒಂದು ಪಾತ್ರೆಯಲ್ಲಿ ಈ ಹಿಗ್ಗು ಕಣ್ಣಿಗೆ ಬೀಳುವುದಿಲ್ಲ. ಆದರೆ ಕಿಲೋಮೀಟರ್‌ಗಟ್ಟಲೆ ಆಳದ ಸಮುದ್ರ ಒಂಚೂರು ಹಿಗ್ಗಿದರೂ ಮೇಲ್ಮಟ್ಟ ಏರುತ್ತದೆ. 1971ರಿಂದ 2018ರವರೆಗಿನ ಏರಿಕೆಯಲ್ಲಿ ಸುಮಾರು ಅರ್ಧ ಈ ಹಿಗ್ಗುವಿಕೆಯಿಂದಲೇ ಬಂದದ್ದು.

ಉಳಿದದ್ದರಲ್ಲಿ ಹೆಚ್ಚಿನ ಪಾಲು ಕರಗುವ ಮಂಜಿನದು. ಇಲ್ಲಿ ಒಂದು ಗೊಂದಲ ಆಗಾಗ ಆಗುತ್ತದೆ. ಲೋಟದ ನೀರಿನಲ್ಲಿ ತೇಲುವ ಐಸ್ ಕರಗಿದರೆ ಲೋಟ ತುಂಬಿ ಚೆಲ್ಲುವುದಿಲ್ಲ. ಹಾಗೆಯೇ ಸಮುದ್ರದ ಮೇಲೆ ತೇಲುವ ಮಂಜು ಕರಗಿದರೆ ಮಟ್ಟ ಹೆಚ್ಚು ಬದಲಾಗುವುದಿಲ್ಲ. ಲೋಟದ ಹೊರಗಿನ ಐಸನ್ನು ತಂದು ಒಳಗೆ ಹಾಕಿದರೆ ಮಾತ್ರ ನೀರು ಏರುತ್ತದೆ. ಪರ್ವತಗಳ ಹಿಮನದಿಗಳು, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ನೆಲದ ಮೇಲಿನ ಮಂಜು ಇಂಥವು.

ಐಪಿಸಿಸಿ ಲೆಕ್ಕದಲ್ಲಿ 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಏರುವ ವೇಗವೂ ಹೆಚ್ಚುತ್ತಿದೆ. 1901ರಿಂದ 1971ರವರೆಗೆ ವರ್ಷಕ್ಕೆ 1.3 ಮಿಲಿಮೀಟರ್ ಇದ್ದದ್ದು, 2006ರಿಂದ 2018ರ ನಡುವೆ 3.7 ಮಿಲಿಮೀಟರ್ ಆಗಿತ್ತು. ಈ ಶತಮಾನದ ಕೊನೆಗೆ ಎಷ್ಟಾಗಬಹುದು ಅನ್ನುವುದು ನಾವು ಎಷ್ಟು ಹೊಗೆ ಬಿಡುತ್ತೇವೆ ಅನ್ನುವುದರ ಮೇಲಿದೆ. ತುಂಬಾ ಬೇಗ ಕಡಿಮೆ ಮಾಡಿದರೆ 28ರಿಂದ 55 ಸೆಂಟಿಮೀಟರ್, ತುಂಬಾ ಜಾಸ್ತಿ ಬಿಟ್ಟರೆ 63 ಸೆಂಟಿಮೀಟರ್‌ನಿಂದ 1 ಮೀಟರ್.

ಇದರ ಜೊತೆಗೆ ಕೆಲವು ಕಡೆ ನೆಲವೇ ಇಳಿಯುತ್ತಿದೆ. ಒದ್ದೆ ಸ್ಪಂಜಿನಿಂದ ನೀರು ಹಿಂಡಿದರೆ ಅದು ಕುಗ್ಗುತ್ತದೆ ಅಲ್ವಾ? ಮೆತ್ತನೆಯ ಮಣ್ಣಿನ ಊರಿನಲ್ಲಿ ಬೋರ್‌ವೆಲ್‌ಗಳಿಂದ ಮಿತಿಮೀರಿ ನೀರು ಎತ್ತಿದಾಗಲೂ ಹೀಗೇ ಆಗುತ್ತದೆ. ಇಂಡೋನೇಷ್ಯಾದ ಜಕಾರ್ತಾ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಅಲ್ಲಿನ ಉತ್ತರ ಭಾಗದ ಎಷ್ಟೋ ನೆಲ ಈಗ ಸಮುದ್ರಕ್ಕಿಂತ ಕೆಳಗಿದೆ. ನಾನು ಜಪಾನಿನ ಟೋಕಿಯೊವನ್ನೂ ಸೇರಿಸುತ್ತೇನೆ, ಏಕೆಂದರೆ ಅಲ್ಲಿ ಒಂದು ಭರವಸೆ ಇದೆ. ಕಳೆದ ಶತಮಾನದಲ್ಲಿ ಟೋಕಿಯೊದ ಕೆಲವು ಭಾಗ 4 ಮೀಟರ್‌ಗೂ ಹೆಚ್ಚು ಕುಸಿದಿತ್ತು. ಅಂತರ್ಜಲ ಎತ್ತುವುದಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿದ ಮೇಲೆ ಕುಸಿತ ಬಹುಮಟ್ಟಿಗೆ ನಿಂತಿತು. ಕಳೆದುಹೋದ ಎತ್ತರ ಮರಳಿ ಬರಲಿಲ್ಲ, ಆದರೆ ಮುಂದಿನ ನಷ್ಟ ತಪ್ಪಿತು.

ಬರೀ 20 ಸೆಂಟಿಮೀಟರ್‌ಗೆ ಇಷ್ಟು ಗಾಬರಿ ಏಕೆ?

ಎತ್ತರದ ಶೆಲ್ಫಿನಲ್ಲಿ ಒಂದು ಡಬ್ಬಿ ಇದೆ. ಮಗು ಎಷ್ಟು ಹಾರಿದರೂ ಸ್ವಲ್ಪದರಲ್ಲಿ ತಪ್ಪುತ್ತದೆ. ಕಾಲ ಕೆಳಗೆ ಒಂದು ಸಣ್ಣ ಮಣೆ ಇಟ್ಟರೆ ಪ್ರತಿ ಸಲವೂ ಕೈಗೆ ಸಿಗುತ್ತದೆ. ಮಗುವಿನ ಹಾರುವ ಶಕ್ತಿ ಬದಲಾಗಿಲ್ಲ, ನಿಂತ ನೆಲ ಮಾತ್ರ ಎತ್ತರವಾಗಿದೆ.

ಏರಿದ ಸಮುದ್ರ ಮಟ್ಟ ಆ ಮಣೆ ಇದ್ದ ಹಾಗೆ. ಅದರ ಮೇಲೆ ದಿನದ ಉಬ್ಬರ ಕೂರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಉಬ್ಬರ ಇನ್ನೂ ಜೋರು. ಅದರ ಮೇಲೆ ಅಲೆ. ಚಂಡಮಾರುತ ಬಂದರೆ ಇನ್ನೊಂದು ಸೇರುತ್ತದೆ: ಕಡಲುಕ್ಕು. ಚಂಡಮಾರುತದ ನಡುಭಾಗದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಅಲ್ಲಿ ನೀರು ಉಬ್ಬುತ್ತದೆ. ಒತ್ತಡ 1 ಮಿಲಿಬಾರ್ ಇಳಿದರೆ ನೀರು ಸುಮಾರು 1 ಸೆಂಟಿಮೀಟರ್ ಏರುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ನೀರನ್ನು ಬಿರುಗಾಳಿ ದಡದ ಕಡೆಗೆ ತಳ್ಳಿ ಗುಡ್ಡೆ ಹಾಕುತ್ತದೆ.

ಇದೆಲ್ಲ ಒಂದೇ ಹೊತ್ತಿಗೆ ಕೂಡಿದಾಗ ನೂರು ವರ್ಷಕ್ಕೊಮ್ಮೆ ಬರುವಂಥ ನೀರು ಬರುತ್ತದೆ. ಕೆಳಗಿನ ಮಣೆ ಎತ್ತರವಾದಂತೆ ಅಷ್ಟೇ ನೀರು ಬರಲು ಅಷ್ಟು ದೊಡ್ಡ ಬಿರುಗಾಳಿ ಬೇಕಾಗುವುದಿಲ್ಲ. ಹಾಗಾಗಿಯೇ, ಹಿಂದೆ ನೂರು ವರ್ಷಕ್ಕೊಮ್ಮೆ ಬರುತ್ತಿದ್ದ ನೀರು 2100ರ ಹೊತ್ತಿಗೆ ಅಳತೆ ಕೇಂದ್ರಗಳಿರುವ ಅರ್ಧಕ್ಕಿಂತ ಹೆಚ್ಚು ಜಾಗಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬರಬಹುದು ಎಂದು ಐಪಿಸಿಸಿ ಹೇಳಿದೆ.

ಬಿರುಗಾಳಿ ಇಲ್ಲದ ದಿನವೂ ತೊಂದರೆ ಇದೆ. ಮಳೆನೀರಿನ ಚರಂಡಿ ಕಡಲಿಗೆ ಸೇರುವ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗೆ ಬಂದರೆ ನೀರು ಹಿಮ್ಮುಖವಾಗಿ ಹರಿದು ರಸ್ತೆಗೆ ಬರುತ್ತದೆ. ಆಕಾಶದಲ್ಲಿ ಮೋಡವೇ ಇಲ್ಲ, ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರು. ನೆಲದೊಳಗೂ ಇದೇ ಕಥೆ. ಸಿಹಿನೀರು ಹಗುರ, ಹಾಗಾಗಿ ಅದು ಭಾರದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಅಂತರ್ಜಲ ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ ಎಂಬುದು ಒರಟು ಲೆಕ್ಕ. ಮೇಲಿನ ಆ 1 ಮೀಟರ್ ಕಡಿಮೆಯಾದರೆ ಉಪ್ಪುನೀರು ಎಷ್ಟು ಮೇಲೆ ಬರುತ್ತದೆ ಅನ್ನುವುದನ್ನು ನೀವೇ ಊಹಿಸಬಹುದು. ಮನೆಯೊಳಗೆ ನೀರು ನುಗ್ಗುವುದಕ್ಕೆ ಎಷ್ಟೋ ವರ್ಷ ಮೊದಲೇ ಬಾವಿ ಕೈಕೊಡುವುದು ಹೀಗೆ.

ಸೆಕ್ಷನ್: ಊರನ್ನು ಹೋಳು ಮಾಡಿ ನೋಡುವುದು

ನಾವೆಲ್ಲ ನೋಡುವ ನಕ್ಷೆಯಲ್ಲಿ ಸಮುದ್ರ ನೀಲಿ, ನೆಲ ಬೇರೆ ಬಣ್ಣ, ನಡುವೆ ಒಂದು ಗೆರೆ. ವಿದ್ಯಾರ್ಥಿಗಳು ಮೊದಲು ಅನುಮಾನ ಪಡಬೇಕಾದದ್ದು ಆ ಗೆರೆಯನ್ನೇ. ಬೆಳಿಗ್ಗೆ ಇಳಿತದಲ್ಲಿ ಕಡಲು ಒಂದು ಕಡೆ ಇರುತ್ತದೆ, ಮಧ್ಯಾಹ್ನ ಉಬ್ಬರದಲ್ಲಿ ಇನ್ನೊಂದು ಕಡೆ, ಬಿರುಗಾಳಿಯ ರಾತ್ರಿ ಮತ್ತೊಂದು ಕಡೆ. ಕಡಲಂಚು ನಿಜಕ್ಕೂ ಒಂದು ಅಗಲದ ಪಟ್ಟಿ. ಅದರೊಳಗೆ ಕಡಲೂ ಇದೆ, ಊರೂ ಇದೆ.

ಈ ಪಟ್ಟಿಯನ್ನು ತೋರಿಸಲು ಅವರು ಬಳಸುವ ಸಾಧನ ಸೆಕ್ಷನ್. ಹಣ್ಣನ್ನು ಹೋಳು ಮಾಡಿದರೆ ಸಿಪ್ಪೆ, ತಿರುಳು, ಬೀಜ ಕಾಣುತ್ತದೆ. ಹಾಗೆಯೇ ಕಡಲಿನಿಂದ ಊರಿನ ಹಿಂದಿನ ಎತ್ತರದವರೆಗೆ ಒಂದು ನೇರ ಗೆರೆ ಎಳೆದು, ಅಲ್ಲಿ ಊರನ್ನು ಸೀಳಿ ಪಕ್ಕದಿಂದ ನೋಡಿದಂತೆ ಚಿತ್ರ ಬರೆಯುತ್ತಾರೆ. ಕಡಲ ತಳ, ಮರಳು, ರಸ್ತೆ, ಚರಂಡಿಯ ಆಳ, ಮನೆಯ ನೆಲ, ಅದರ ಕಿಟಕಿ, ಹಿಂದಿನ ಬಾವಿ, ಬಾವಿಯೊಳಗಿನ ನೀರು. ಆಮೇಲೆ ಈ ಚಿತ್ರದ ಮೇಲೆ ಅಡ್ಡಡ್ಡ ಗೆರೆಗಳು: ಇಳಿತ, ಉಬ್ಬರ, ದೊಡ್ಡ ಉಬ್ಬರ, ಕಳೆದ ಪ್ರವಾಹ, 2050, 2100. ಯಾವ ಗೆರೆ ಯಾರ ಹೊಸ್ತಿಲು ದಾಟುತ್ತದೆ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮೇಲಿನಿಂದ ನೋಡುವ ನಕ್ಷೆಯಲ್ಲಿ ಒಂದರ ಪಕ್ಕ ಒಂದಿರುವ ಎರಡು ಮನೆಗಳು ಒಂದೇ ತರಹ ಕಾಣುತ್ತವೆ. ಸೆಕ್ಷನ್‌ನಲ್ಲಿ ಒಂದು ಮನೆಗೆ ಮೂರು ಮೆಟ್ಟಿಲಿದೆ, ಇನ್ನೊಂದಕ್ಕೆ ಇಲ್ಲ ಅನ್ನುವುದು ಎದ್ದು ಕಾಣುತ್ತದೆ.

ಇದಕ್ಕೆ ಸರಿಯಾದ ಎತ್ತರದ ಅಳತೆ ಬೇಕು. ಇಲ್ಲಿಯೇ ಹೊಸಬರು ಎಡವುವುದು. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುವ ಎತ್ತರದ ದತ್ತಾಂಶದಲ್ಲಿ ಬಹಳ ಬಳಕೆಯಾಗಿರುವುದು 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದದ್ದು. ರೇಡಾರ್‌ಗೆ ಎಷ್ಟೋ ಕಡೆ ನೆಲ ಸಿಕ್ಕುವುದೇ ಇಲ್ಲ. ಅದು ಮರದ ತಲೆಯನ್ನೋ ಮನೆಯ ಮಾಡನ್ನೋ ನೆಲ ಎಂದು ಎಣಿಸಿಬಿಡುತ್ತದೆ. ಮರ, ಮನೆ ದಟ್ಟವಾಗಿರುವ ಊರಿನಲ್ಲಿ ಈ ತಪ್ಪು ಮೀಟರ್‌ಗಟ್ಟಲೆ ಆಗಬಹುದು. ಹುಡುಕುತ್ತಿರುವುದು 20 ಸೆಂಟಿಮೀಟರ್, ತಪ್ಪು 2 ಮೀಟರ್ ಆದರೆ ಆ ನಕ್ಷೆ ಏನು ಪ್ರಯೋಜನ? ಅದು ಎಲ್ಲರೂ ಸುರಕ್ಷಿತ ಎಂದು ಸುಳ್ಳು ಸಮಾಧಾನ ಹೇಳುತ್ತದೆ.

ಹಾಗಾಗಿ ಕಾಲ್ನಡಿಗೆಯಲ್ಲಿ ಅಳೆಯಬೇಕು. ಸರ್ವೆ ಯಂತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಂದು ತುದಿಯನ್ನು ಎತ್ತರ ಗೊತ್ತಿರುವ ಕಲ್ಲಿನ ಬಳಿ ಹಿಡಿದು, ಇನ್ನೊಂದು ತುದಿಯನ್ನು ಮನೆಯಿಂದ ಮನೆಗೆ ಒಯ್ಯುತ್ತಾ ಹೊಸ್ತಿಲುಗಳ ಎತ್ತರ ಬರೆದುಕೊಳ್ಳಬಹುದು. ಇಡೀ ಗಲ್ಲಿಗೆ ಒಂದು ಬೆಳಗು ಹಿಡಿಯುತ್ತದೆ. ಇದು ನನಗೆ ಈ ಓದಿನಲ್ಲಿ ತುಂಬಾ ಹಿಡಿಸಿದ ಕೆಲಸ, ಏಕೆಂದರೆ ಪ್ರತಿ ಹೊಸ್ತಿಲಿನ ಬಳಿಯೂ ಯಾರಾದರೂ ಬಂದು ಮಾತಿಗೆ ನಿಲ್ಲುತ್ತಾರೆ.

ಪದರದ ಮೇಲೆ ಪದರ

ಇನ್ನೊಂದು ಸಾಧನ ಪದರ ನಕ್ಷೆ. ಒಂದು ಹಾಳೆಯಲ್ಲಿ ಮಣ್ಣು, ಇನ್ನೊಂದರಲ್ಲಿ ನೀರಿನ ಹರಿವು, ಮತ್ತೊಂದರಲ್ಲಿ ಗಿಡಮರ, ಮಗದೊಂದರಲ್ಲಿ ಮನೆಗಳು. ಎಲ್ಲವನ್ನೂ ಒಂದರ ಮೇಲೊಂದು ಇಟ್ಟರೆ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ತೋರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಇಯಾನ್ ಮೆಕ್‌ಹಾರ್ಗ್ 1960ರ ದಶಕದಲ್ಲಿ ಈ ಪದ್ಧತಿಯನ್ನು ಹೆಸರುವಾಸಿ ಮಾಡಿದರು. ಆಗ ಕಂಪ್ಯೂಟರ್ ನಕ್ಷೆಗಳು ಇನ್ನೂ ಸಾಮಾನ್ಯವಾಗಿರಲಿಲ್ಲ, ಪಾರದರ್ಶಕ ಹಾಳೆಗಳೇ ಗತಿ.

1962ರ ಮಾರ್ಚ್‌ನಲ್ಲಿ ದೊಡ್ಡ ಬಿರುಗಾಳಿಯೊಂದು ನ್ಯೂಜೆರ್ಸಿಯ ತೀರದ ಮನೆಗಳನ್ನು ನೆಲಸಮ ಮಾಡಿತು. ಮೆಕ್‌ಹಾರ್ಗ್ ಆ ತೀರದ ಮರಳುದಿಬ್ಬಗಳ ಬಗ್ಗೆ ಬರೆದರು. ಅವರು ಹೇಳಿದ್ದು ಇಷ್ಟು: ಕಡಲಿಗೆ ಮುಖ ಮಾಡಿದ ಮೊದಲ ದಿಬ್ಬವೇ ಊರಿನ ರಕ್ಷಕ. ಅದನ್ನು ಹಿಡಿದಿಟ್ಟಿರುವುದು ಒಂದು ಜಾತಿಯ ಹುಲ್ಲಿನ ಬೇರು. ಆ ಹುಲ್ಲು ಉಪ್ಪನ್ನು ತಡೆಯುತ್ತದೆ, ಗಾಳಿಯನ್ನು ತಡೆಯುತ್ತದೆ, ಮರಳಿನಲ್ಲಿ ಹೂತುಹೋದರೂ ಮೇಲೆದ್ದು ಬರುತ್ತದೆ. ಆದರೆ ಮನುಷ್ಯರ ತುಳಿತವನ್ನು ಮಾತ್ರ ತಡೆಯಲಾರದು. ಅಂದಮೇಲೆ ಮೊದಲ ದಿಬ್ಬದ ಮೇಲೆ ಮನೆಯೂ ಬೇಡ, ಓಡಾಟವೂ ಬೇಡ. ದಾಟಬೇಕಿದ್ದರೆ ಮೇಲೊಂದು ಸೇತುವೆ ಸಾಕು. ಮನೆ ಕಟ್ಟುವುದಾದರೆ ಹಿಂದಿನ ದಿಬ್ಬದ ಮರೆಯಲ್ಲಿ. ಹುಲ್ಲಿನ ಗುಣ ತಿಳಿದು ಮನೆಯ ಜಾಗ ನಿರ್ಧರಿಸುವ ಈ ರೀತಿ ಇವತ್ತಿಗೂ ಸ್ಟುಡಿಯೋಗಳಲ್ಲಿ ಪಾಠವಾಗಿದೆ.

ನಕ್ಷೆಯಲ್ಲಿ ಸಿಗದದ್ದು

ನಷ್ಟದ ಸಾಧ್ಯತೆಯನ್ನು ಮೂರು ಭಾಗ ಮಾಡಿ ನೋಡುವುದು ಈ ಓದಿನ ಪದ್ಧತಿ. ಮೊದಲನೆಯದು ಅಪಾಯ, ಅಂದರೆ ನೀರು, ಗಾಳಿ. ಎರಡನೆಯದು ಅದರ ದಾರಿಯಲ್ಲಿ ಯಾರಿದ್ದಾರೆ, ಏನಿದೆ ಅನ್ನುವುದು. ಮೂರನೆಯದು ಅವರಿಗೆ ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಅನ್ನುವುದು. ಒಂದೇ ಮಳೆಯಲ್ಲಿ ಇಬ್ಬರು ನೆನೆದರು. ಒಬ್ಬರಿಗೆ ಮನೆಯಲ್ಲಿ ಒಣಬಟ್ಟೆ ಇದೆ, ಇನ್ನೊಬ್ಬರಿಗೆ ಇಲ್ಲ. ಮಳೆ ಒಂದೇ, ಜ್ವರ ಒಬ್ಬರಿಗೆ ಮಾತ್ರ. ಮೊದಲೆರಡನ್ನು ನಕ್ಷೆಯಲ್ಲಿ ತೋರಿಸಬಹುದು, ಮೂರನೆಯದನ್ನು ಮಾತಾಡಿಯೇ ತಿಳಿಯಬೇಕು.

ಅದು ಎಷ್ಟು ಮುಖ್ಯ ಅನ್ನುವುದಕ್ಕೆ ಬಾಂಗ್ಲಾದೇಶ ಸಾಕ್ಷಿ. 1970ರ ಚಂಡಮಾರುತದಲ್ಲಿ ಅಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಎತ್ತರದ ಆಶ್ರಯ ಕಟ್ಟಡಗಳು, ಎಚ್ಚರಿಕೆ ಕೊಡುವ ಸ್ವಯಂಸೇವಕರ ಜಾಲ ಬಂದವು. ಆದರೂ ಎಷ್ಟೋ ಕುಟುಂಬಗಳು ಎಚ್ಚರಿಕೆ ಕೇಳಿಯೂ ಮನೆ ಬಿಡುತ್ತಿರಲಿಲ್ಲ. ಏಕೆ ಅಂತ ಕೇಳಿದರೆ ಸಿಕ್ಕ ಉತ್ತರಗಳಲ್ಲಿ ಒಂದು ಸರಳವಾಗಿತ್ತು: ದನಕರುಗಳನ್ನು ಎಲ್ಲಿ ಬಿಟ್ಟು ಬರುವುದು? ಅವೇ ಅವರ ಬದುಕು. ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ ಇಲ್ಲದ್ದೂ ಒಂದು ಕಾರಣ. ಮುಂದೆ ಕಟ್ಟಿದ ಆಶ್ರಯಗಳಲ್ಲಿ ಇದಕ್ಕೆಲ್ಲ ಜಾಗ ಮಾಡಲಾಯಿತು, ದನಗಳಿಗೆ ಎತ್ತರದ ಮಣ್ಣಿನ ದಿಬ್ಬಗಳನ್ನೂ ಕಟ್ಟಲಾಯಿತು. 2020ರ ಅಂಫಾನ್ ಚಂಡಮಾರುತದ ಹೊತ್ತಿಗೆ ಸುಮಾರು 24 ಲಕ್ಷ ಜನ ಸುರಕ್ಷಿತ ಜಾಗ ಸೇರಿದ್ದರು. ಬಾಂಗ್ಲಾದೇಶದಲ್ಲಿ ಸತ್ತವರ ಸಂಖ್ಯೆ ನೂರು ದಾಟಲಿಲ್ಲ.

ಗಟ್ಟಿ ಕಾಂಕ್ರೀಟು ಹಾಕಿದ ಮಾತ್ರಕ್ಕೆ ಜನ ಬರುವುದಿಲ್ಲ. ಹಸುವಿನ ಪ್ರಶ್ನೆ ಕೇಳಿಸಿಕೊಳ್ಳಬೇಕಿತ್ತು. ಹಾಗಾಗಿ ವಿದ್ಯಾರ್ಥಿಗಳು ಮೀನುಗಾರರನ್ನು, ಮೀನು ಮಾರುವ ಹೆಂಗಸರನ್ನು, ಬಾಡಿಗೆ ಮನೆಯವರನ್ನು, ವಯಸ್ಸಾದವರನ್ನು ಬೇರೆ ಬೇರೆಯಾಗಿ ಮಾತಾಡಿಸುತ್ತಾರೆ. ದೋಣಿ ಯಾವ ತಿಂಗಳಲ್ಲಿ ಎಲ್ಲಿ ನಿಲ್ಲುತ್ತದೆ, ಬಲೆ ಎಲ್ಲಿ ಒಣಗುತ್ತದೆ, ನೀರು ಬಂದಾಗ ಮೊದಲು ಏನನ್ನು ಮೇಲೆತ್ತಿ ಇಡುತ್ತೀರಿ ಅಂತ ಕೇಳುತ್ತಾರೆ. ನಕ್ಷೆಯಲ್ಲಿ ಖಾಲಿ ಕಾಣುವ ಮರಳು ಯಾರದೋ ಕೆಲಸದ ಜಾಗ ಆಗಿರುತ್ತದೆ. ಅಲ್ಲಿ ಗೋಡೆ ಕಟ್ಟಿದರೆ ಮನೆ ಉಳಿದು ಕಸುಬು ಹೋಗಬಹುದು.

ಇರುವ ದಾರಿಗಳು

ತಡೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. 1953ರ ಜನವರಿ 31ರ ರಾತ್ರಿ ಶುರುವಾದ ಪ್ರವಾಹದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 1,836 ಜನ ಸತ್ತ ಮೇಲೆ ಆ ದೇಶ ದಶಕಗಟ್ಟಲೆ ಅಣೆಕಟ್ಟೆ, ಗೇಟುಗಳನ್ನು ಕಟ್ಟಿತು. 1997ರಲ್ಲಿ ಮುಗಿದ ರಾಟರ್‌ಡ್ಯಾಮ್ ಬಳಿಯ ಮೇಸ್ಲಾಂಟ್ ಗೇಟಿನ ಎರಡು ಬಾಗಿಲುಗಳು ಒಂದೊಂದೂ 210 ಮೀಟರ್ ಉದ್ದ. ವೆನಿಸ್‌ನ 78 ಗೇಟುಗಳು 2020ರ ಅಕ್ಟೋಬರ್ 3ರಂದು ಮೊದಲ ಬಾರಿ ನಿಜವಾದ ದೊಡ್ಡ ಉಬ್ಬರವನ್ನು ತಡೆದವು. ಕೆಲಸ ಮಾಡುತ್ತವೆ, ನಿಜ. ಆದರೆ ಕಡಲು ಏರಿದಷ್ಟೂ ಮುಚ್ಚುವ ದಿನಗಳು ಹೆಚ್ಚುತ್ತವೆ. ಮುಚ್ಚಿದಾಗ ಹಡಗು ಬರುವುದಿಲ್ಲ, ಒಳಗಿನ ನೀರು ಹೊರಗೆ ಹೋಗುವುದಿಲ್ಲ. ಸಣ್ಣ ಊರುಗಳ ಕಲ್ಲಿನ ತಡೆಗೋಡೆಗೆ ಬೇರೆಯೇ ತೊಂದರೆ. ಗೋಡೆಗೆ ಬಡಿದ ಅಲೆ ತಿರುಗಿ ಹೋಗುವಾಗ ಬುಡದ ಮರಳನ್ನು ಎಳೆದೊಯ್ಯುತ್ತದೆ. ಗೋಡೆ ಮುಗಿಯುವ ಕಡೆ ಪಕ್ಕದವರ ತೀರದಲ್ಲಿ ಕೊರೆತ ಜಾಸ್ತಿಯಾಗುತ್ತದೆ. ಒಬ್ಬರ ರಕ್ಷಣೆ ಇನ್ನೊಬ್ಬರಿಗೆ ಹಾನಿ ಆಗದಂತೆ ನೋಡಲು ಇಡೀ ತೀರವನ್ನು ಒಟ್ಟಿಗೆ ಓದಬೇಕು.

ಪ್ರಕೃತಿಯ ಸಹಾಯ ತೆಗೆದುಕೊಳ್ಳುವುದು ಇನ್ನೊಂದು ದಾರಿ. ಮ್ಯಾಂಗ್ರೋವ್, ಅಂದರೆ ಕಾಂಡ್ಲಾ ಕಾಡಿನ ಹೆಣೆದುಕೊಂಡ ಬೇರುಗಳು ಅಲೆಯ ಕಸುವನ್ನು ಕಡಿಮೆ ಮಾಡುತ್ತವೆ. 100 ಮೀಟರ್ ಅಗಲದ ಕಾಡು ಅಲೆಯ ಎತ್ತರವನ್ನು ನೂರಕ್ಕೆ 13ರಿಂದ 66ರಷ್ಟು ತಗ್ಗಿಸಬಲ್ಲದು ಎಂದು ಅಧ್ಯಯನಗಳು ಹೇಳುತ್ತವೆ. ನೆದರ್‌ಲ್ಯಾಂಡ್ಸ್ 2011ರಲ್ಲಿ ಹೇಗ್ ನಗರದ ಹತ್ತಿರ ಸುಮಾರು 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ರಾಶಿ ಹಾಕಿತು. ಗಾಳಿ, ಅಲೆ ಅದನ್ನು ನಿಧಾನವಾಗಿ ತೀರದುದ್ದಕ್ಕೂ ಹಂಚುತ್ತಿವೆ. ನ್ಯೂಯಾರ್ಕ್‌ನ ಸ್ಟೇಟನ್ ಐಲ್ಯಾಂಡ್ ಬಳಿ, 2012ರ ಸ್ಯಾಂಡಿ ಚಂಡಮಾರುತದ ನಂತರ, ಭೂದೃಶ್ಯ ವಿನ್ಯಾಸಕಿ ಕೇಟ್ ಓರ್ಫ್ ಅವರ ತಂಡ ನೀರಿನಲ್ಲಿ ಕಲ್ಲಿನ ದಿಬ್ಬಗಳ ಸಾಲನ್ನು ವಿನ್ಯಾಸ ಮಾಡಿತು. ಅವು ಅಲೆಯನ್ನು ಮುರಿಯುತ್ತವೆ, ಸಂದುಗಳಲ್ಲಿ ಮೀನು, ಸಿಂಪಿಗಳಿಗೆ ಮನೆಯಾಗುತ್ತವೆ. ಅದರ ಕಾಮಗಾರಿ ಮುಗಿದದ್ದು 2024ರಲ್ಲಿ. ಸ್ಯಾಂಡಿ ಬಂದು 12 ವರ್ಷದ ಮೇಲೆ.

ನೀರಿನ ಜೊತೆ ಬದುಕುವುದು ಮೂರನೆಯದು. ಜರ್ಮನಿಯ ಹ್ಯಾಂಬರ್ಗ್‌ನ ಹಾಫೆನ್‌ಸಿಟಿ ಬಡಾವಣೆಗೆ ಸುತ್ತ ಗೋಡೆ ಕಟ್ಟಲಿಲ್ಲ. ಕಟ್ಟಡಗಳನ್ನು ಸಮುದ್ರ ಮಟ್ಟದಿಂದ ಸುಮಾರು 8ರಿಂದ 9 ಮೀಟರ್ ಎತ್ತರದ ಅಡಿಪಾಯದ ಮೇಲೆ ಕೂರಿಸಿದರು. ನೀರಿನ ಪಕ್ಕದ ಕಾಲುದಾರಿ ಮುಳುಗಬಹುದು, ಮೇಲಿನ ಜೀವನ ನಡೆಯುತ್ತದೆ. ರಾಟರ್‌ಡ್ಯಾಮ್‌ನಲ್ಲಿ 2013ರಲ್ಲಿ ತೆರೆದ ಒಂದು ಚೌಕ ಒಣದಿನದಲ್ಲಿ ಆಟದ ಮೈದಾನ, ಜೋರು ಮಳೆಯಲ್ಲಿ ನೀರು ಹಿಡಿಯುವ ತೊಟ್ಟಿ.

ಕೊನೆಯದು ಹಿಂದೆ ಸರಿಯುವುದು. ಹೇಳಲು ಸುಲಭ, ಮಾಡಲು ತುಂಬಾ ಕಷ್ಟ. ಫಿಜಿ ದೇಶದ ವುನಿದೊಗೊಲೊವಾ ಹಳ್ಳಿ 2014ರಲ್ಲಿ ಸುಮಾರು 2 ಕಿಲೋಮೀಟರ್ ಒಳಗಿನ ಎತ್ತರಕ್ಕೆ ಹೋಯಿತು. ಅಮೆರಿಕದ ಲೂಯಿಸಿಯಾನಾದ ಐಲ್ ಡಿ ಜಾನ್ ಚಾರ್ಲ್ಸ್ ಎಂಬ ದ್ವೀಪ 1955ರಿಂದ ಈಚೆಗೆ ತನ್ನ ನೆಲದಲ್ಲಿ ನೂರಕ್ಕೆ 98ರಷ್ಟನ್ನು ಕಳೆದುಕೊಂಡಿದೆ. ಅಲ್ಲಿನ ಮೂಲನಿವಾಸಿಗಳಿಗೆ ಹೊಸ ಊರು ಕಟ್ಟಲು 2016ರಲ್ಲಿ ಹಣ ಮಂಜೂರಾಯಿತು. ಮೊದಲ ಕುಟುಂಬಗಳು ಹೊಸ ಮನೆ ಸೇರಿದ್ದು 2022ರಲ್ಲಿ. ಮನೆ ಕಟ್ಟಲು ಅಷ್ಟು ವರ್ಷ ಬೇಕಿಲ್ಲ. ಯಾರು ಯಾರ ಪಕ್ಕ ಇರಬೇಕು, ಹಳೆಯ ನೆಲದ ಮೇಲೆ ಯಾರಿಗೆ ಹಕ್ಕು, ಮೀನು ಹಿಡಿಯಲು ಮತ್ತೆ ಅಲ್ಲಿಗೆ ಹೋಗಬಹುದೇ, ಈ ನಿರ್ಧಾರ ಯಾರದ್ದು? ಇಂಥ ಪ್ರಶ್ನೆಗಳು ಕಾಂಕ್ರೀಟಿಗಿಂತ ಗಟ್ಟಿ. ಊರನ್ನು ಎತ್ತಿ ಇನ್ನೊಂದು ಕಡೆ ಇಡುವಾಗ ಏನೇನು ಜೊತೆಗೆ ಬರುವುದಿಲ್ಲ ಅನ್ನುವುದನ್ನೂ ವಿದ್ಯಾರ್ಥಿಗಳು ಪಟ್ಟಿ ಮಾಡಬೇಕೆಂದು ನಾನು ಬಯಸುತ್ತೇನೆ.

ಎಷ್ಟು ಏರುತ್ತದೆ ಗೊತ್ತಿಲ್ಲದೆ ವಿನ್ಯಾಸ ಮಾಡುವುದು ಹೇಗೆ?

ಮಗುವಿಗೆ ಬಟ್ಟೆ ಹೊಲಿಸುವಾಗ ಅಂಚನ್ನು ಒಳಗೆ ಮಡಚಿ ಬಿಡುತ್ತಾರೆ. ಬೆಳೆದಂತೆ ಹೊಲಿಗೆ ಬಿಚ್ಚಿ ಉದ್ದ ಮಾಡಬಹುದು. ವಿನ್ಯಾಸದಲ್ಲೂ ಇದೇ ಉಪಾಯ. ಇವತ್ತು 1 ಮೀಟರ್ ದಿಬ್ಬ ಕಟ್ಟಿ, ಆದರೆ ಅಡಿಪಾಯ 2 ಮೀಟರ್ ಹೊರುವಂತಿರಲಿ. ಪಕ್ಕದಲ್ಲಿ ದಿಬ್ಬ ಅಗಲವಾಗಲು ಜಾಗ ಖಾಲಿ ಬಿಡಿ. ನೀರು ಇಷ್ಟು ಏರಿದಾಗ ಮುಂದಿನ ಹೆಜ್ಜೆ ಎಂದು ಮೊದಲೇ ಬರೆದಿಡಿ.

ಲಂಡನ್‌ನಲ್ಲಿ ಥೇಮ್ಸ್ ನದಿಗೆ ಅಡ್ಡಲಾಗಿ 1980ರ ದಶಕದಿಂದ ಪ್ರವಾಹ ತಡೆಯುವ ಗೇಟುಗಳಿವೆ. ಮುಂದೇನು ಎಂಬುದಕ್ಕೆ 2012ರಲ್ಲಿ ಮಾಡಿದ ಯೋಜನೆ ಒಂದೇ ಉತ್ತರಕ್ಕೆ ಕಟ್ಟುಬೀಳಲಿಲ್ಲ. ಹಲವು ದಾರಿಗಳನ್ನು ಇಟ್ಟುಕೊಂಡು, ಮಟ್ಟ ಅಳೆಯುತ್ತಾ, ಆಗಾಗ ಪರಿಶೀಲಿಸುತ್ತಾ, ಸಮಯ ಬಂದಾಗ ಆರಿಸುವುದು ಅದರ ರೀತಿ. ವಿದ್ಯಾರ್ಥಿಗಳ ನಕ್ಷೆಗಳಲ್ಲೂ ಹೀಗಾಗಿ ಒಂದೇ ಜಾಗದ ಮೂರು ನಾಲ್ಕು ಚಿತ್ರಗಳಿರುತ್ತವೆ: ಈಗ, 2035, 2050, 2100.

ಸೆಮಿಸ್ಟರ್ ಮುಗಿದ ಮೇಲೆ

ವಿದ್ಯಾರ್ಥಿಗಳ ಕೆಲಸಕ್ಕೆ ಮಿತಿ ಇದೆ. ಅವರಿಗೆ ಕೆಲವೇ ತಿಂಗಳು ಸಮಯ. ಅವರ ಕೈಯಲ್ಲಿ ಹಣವೂ ಇಲ್ಲ, ಅಧಿಕಾರವೂ ಇಲ್ಲ. ನಕ್ಷೆ ನೋಡಿ ಊರಿನವರಲ್ಲಿ ಆಸೆಯೋ ಭಯವೋ ಹುಟ್ಟಿ, ಆಮೇಲೆ ಯಾರೂ ತಿರುಗಿ ಬಾರದಿದ್ದರೆ ಅದು ನೋವಿನ ಸಂಗತಿ. ಹಾಗಾಗಿ ಒಳ್ಳೆಯ ಸ್ಟುಡಿಯೋಗಳು ಎರಡು ಕೆಲಸ ಮಾಡುತ್ತವೆ. ಇದು ಓದಿನ ಅಭ್ಯಾಸ, ಸರ್ಕಾರದ ಯೋಜನೆಯಲ್ಲ ಎಂದು ಮೊದಲ ದಿನವೇ ಬಿಡಿಸಿ ಹೇಳುತ್ತವೆ. ಮತ್ತೆ, ಅಳತೆಗಳನ್ನೆಲ್ಲ ಊರಿನ ಭಾಷೆಯಲ್ಲಿ ಊರಿಗೇ ಬಿಟ್ಟು ಹೋಗುತ್ತವೆ. ಪ್ರತಿ ಹೊಸ್ತಿಲಿನ ಎತ್ತರ, ಚರಂಡಿ ಬಾಯಿಯ ಮಟ್ಟ, ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವ ದಾಖಲೆ ಎಷ್ಟೋ ಸಣ್ಣ ಊರುಗಳಲ್ಲಿ ಬೇರೆ ಯಾರ ಬಳಿಯೂ ಇರುವುದಿಲ್ಲ. ಚರಂಡಿ ದುರಸ್ತಿ ಮಾಡಿಸಲು, ಪರಿಹಾರ ಕೇಳಲು, ಹೊಸ ಶಾಲೆಗೆ ಜಾಗ ಆರಿಸಲು ಅದು ಕೈಗೆ ಬರುತ್ತದೆ.

ಜ್ಯೂರಿಗೆ ಮುಂಚೆ ಆ ಗಲ್ಲಿಗೆ ಇನ್ನೊಮ್ಮೆ ಹೋಗಿ ಬರುವ ರೂಢಿಯೂ ಕೆಲವು ಕಡೆ ಇದೆ. ಉದ್ದನೆಯ ಸೆಕ್ಷನ್ ಹಾಳೆಯನ್ನು ಗೋಡೆಗೆ ಅಂಟಿಸಿ, ಕೆಳಗೆ ಪೆನ್ಸಿಲ್ ಇಡುತ್ತಾರೆ. ಜನ ಮೊದಲು ತಮ್ಮ ಮನೆ ಹುಡುಕುತ್ತಾರೆ. ಆಮೇಲೆ ತಿದ್ದಲು ಶುರು ಮಾಡುತ್ತಾರೆ. ಆ ಬಾವಿ ಮುಚ್ಚಿ ಎಷ್ಟೋ ಕಾಲವಾಯಿತು. ಈ ಮೆಟ್ಟಿಲು ಎರಡಲ್ಲ, ಮೂರು. ನೀರು ನೀವು ಬರೆದ ಕಡೆಯಿಂದ ಬಂದದ್ದಲ್ಲ, ಹಿಂದಿನ ತೋಡಿನಿಂದ ಬಂದದ್ದು. ವಿದ್ಯಾರ್ಥಿಗಳು ಆ ಪೆನ್ಸಿಲ್ ಗೆರೆಗಳನ್ನು ಅಳಿಸದೆ, ಹಾಳೆ ಸುತ್ತಿಕೊಂಡು ಸ್ಟುಡಿಯೋಗೆ ಮರಳಿ, ನೀರಿನ ದಾರಿಯನ್ನು ಹೊಸದಾಗಿ ಬರೆಯಲು ಕೂರುತ್ತಾರೆ.